ಇಂಗ್ಲಿಷ್ ಅರ್ಜಿಯ ಸಬ್ಜೆಕ್ಟ್ ಲೈನ್: ಎ, ಆ್ಯನ್, ದಿ ಎಲ್ಲಿ ಇಡ್ಬೇಕು, ಎಲ್ಲಿ ಬಿಡ್ಬೇಕು?

ದಾವಣಗೆರೆಯಲ್ಲಿ ಡಿಗ್ರಿ ಮುಗಿಸಿದ ಹುಡುಗ್ರು ಹುಡುಗೀರು ಮಾರ್ಕ್ಸ್ ಕಾರ್ಡ್‌ಗೋ ಕೆಲಸಕ್ಕೋ ಇಂಗ್ಲಿಷಲ್ಲಿ ಅರ್ಜಿ ಬರೆಯೋಕೆ ಕೂತ್ರೆ ಮೊದಲು ತಡವರಿಸೋದೇ ಸಬ್ಜೆಕ್ಟ್ ಲೈನ್ ಹತ್ರ. ಕನ್ನಡದಲ್ಲಿ ಈ ಎ, ಆ್ಯನ್, ದಿ ಅನ್ನೋ ಆರ್ಟಿಕಲ್‌ಗಳ ಕಾಟನೇ ಇಲ್ಲ ನೋಡ್ರಿ, ಹಂಗಾಗಿ ಕೆಲವ್ರು ಸಿಕ್ಕಲ್ಲೆಲ್ಲ ದಿ ತುರುಕ್ತಾರೆ, ಕೆಲವ್ರು ಪತ್ರದಲ್ಲಿ ಎಲ್ಲೂ ಒಂದೂ ಆರ್ಟಿಕಲ್ ಹಾಕೋದೇ ಇಲ್ಲ.

ಮೊದಲು ರಫ್ ಹಾಳೆ ಮೇಲೆ ಪೂರ್ತಿ ವಾಕ್ಯ ಬರ್ಕೊಳ್ರಿ: ‘ಐ ರಿಕ್ವೆಸ್ಟ್ ಯು ಟು ಇಶ್ಯೂ ಎ ಡೂಪ್ಲಿಕೇಟ್ ಮಾರ್ಕ್ಸ್ ಕಾರ್ಡ್.’ ಈಗ ಐ, ಯು, ಇಶ್ಯೂ ಎಲ್ಲಾ ತೆಗೀರಿ, ಜೊತೆಗೆ ಆ ಎ ಕೂಡ ಹೋಗ್ಲಿ, ‘ರಿಕ್ವೆಸ್ಟ್ ಫಾರ್ ಡೂಪ್ಲಿಕೇಟ್ ಮಾರ್ಕ್ಸ್ ಕಾರ್ಡ್’ ಅಂತ ಮಾಡಿದ್ರೆ ಸಬ್ಜೆಕ್ಟ್ ರೆಡಿ. ಎ ಇಟ್ರೆ ತಪ್ಪೇನಲ್ಲ, ಆದ್ರೆ ಈ ಸಾಲು ಪೇಪರ್ ಹೆಡ್‌ಲೈನ್ ಇದ್ದಂಗೆ, ಚಿಕ್ಕದಿದ್ದಷ್ಟೂ ಕೇಸ್ ವರ್ಕರ್‌ಗೆ ಬೇಗ ಅರ್ಥ ಆಗುತ್ತೆ. ‘ಆ್ಯನ್ ಅಪ್ಲಿಕೇಶನ್ ಫಾರ್’ ಅಂತ ಶುರು ಮಾಡೋದಂತೂ ಬೇಡ್ವೇ ಬೇಡ.

ದಿ ವಿಷಯ ಸ್ವಲ್ಪ ಬೇರೆ. ‘ಅಪ್ಲಿಕೇಶನ್ ಫಾರ್ ದಿ ಪೋಸ್ಟ್ ಆಫ್ ಟೈಪಿಸ್ಟ್’ ಅನ್ನುವಾಗ ಯಾವ ಪೋಸ್ಟ್ ಅಂತ ಅಲ್ಲೇ ಗೊತ್ತಾಗುತ್ತಲ್ಲ, ಅಲ್ಲಿ ದಿ ಇರ್ಲಿ. ಹೆಸರುಗಳಲ್ಲೂ ಹಂಗೇ, ದಾವಣಗೆರೆ ಯೂನಿವರ್ಸಿಟಿ ಮುಂದೆ ದಿ ಬೇಡ, ಯೂನಿವರ್ಸಿಟಿ ಆಫ್ ಮೈಸೂರ್ ಅಂತ ವಾಕ್ಯದಲ್ಲಿ ಬರೆದ್ರೆ ದಿ ಬೇಕು. ಟು ಕೆಳಗೆ ವಿಳಾಸದಲ್ಲಿ ‘ದಿ ರಿಜಿಸ್ಟ್ರಾರ್’, ‘ದಿ ಮ್ಯಾನೇಜರ್’ ಅಂತ ಬರೆಯೋದು ನಮ್ಮ ಕಡೆ ರೂಢಿ, ಅದನ್ನ ಮುಟ್ಟಬೇಡ್ರಿ.

ಬಹಳ ಜನ ಗಮನಿಸದೇ ಇರೋದು ಫ್ಯೂ ಪದ. ‘ಎ ಫ್ಯೂ ಡಾಕ್ಯುಮೆಂಟ್ಸ್ ಎನ್‌ಕ್ಲೋಸ್ಡ್’ ಅಂದ್ರೆ ಒಂದಿಷ್ಟು ದಾಖಲೆ ಲಗತ್ತಿಸಿದೀನಿ ಅಂತ, ಚಿಕ್ಕದಾಗ್ಲಿ ಅಂತ ಎ ತೆಗೆದ್ರೋ, ದಾಖಲೆ ಹೆಚ್ಚೂಕಮ್ಮಿ ಇಲ್ಲವೇ ಇಲ್ಲ ಅನ್ನೋ ಅರ್ಥ ಬಂದ್ಬಿಡುತ್ತೆ! ಎ ಲಿಟಲ್ ಅನ್ನೋದಕ್ಕೂ ಇದೇ ಲೆಕ್ಕ. ಇಲ್ಲಿ ಕತ್ತರಿ ಹಾಕ್ಲೇಬಾರ್ದು.

ಡಿಯರ್ ಸರ್ ದಾಟಿ ಒಳಗೆ ಬಂದ್ಮೇಲೆ ಬಿಟ್ಟಿದ್ದೆಲ್ಲ ವಾಪಸ್ ಹಾಕ್ಬೇಕು, ಅಲ್ಲಿ ‘ಪ್ಲೀಸ್ ಇಶ್ಯೂ ಮಾರ್ಕ್ಸ್ ಕಾರ್ಡ್’ ಅಂತ ಬರೆದ್ರೆ ತಪ್ಪು. ಎ ಬೇಕೋ ಆ್ಯನ್ ಬೇಕೋ ಅನ್ನೋದಕ್ಕೆ ಅಕ್ಷರ ನೋಡಬೇಡ್ರಿ, ಬಾಯಲ್ಲಿ ಹೇಳಿ ನೋಡ್ರಿ, ಸ್ವರದ ಸದ್ದಿಂದ ಶುರುವಾದ್ರೆ ಆ್ಯನ್, ಇಲ್ದಿದ್ರೆ ಎ: ಆ್ಯನ್ ಎನ್‌ಒಸಿ, ಆ್ಯನ್ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಆದ್ರೆ ಎ ಯೂನಿವರ್ಸಿಟಿ, ಎ ಒನ್ ಡೇ ವರ್ಕ್‌ಶಾಪ್.

ಸಬ್ಜೆಕ್ಟಲ್ಲಿ ಪ್ರತಿ ಪದಕ್ಕೂ ಕ್ಯಾಪಿಟಲ್ ಹಾಕೋರು ಎ, ಆ್ಯನ್, ದಿ ಮಾತ್ರ ಸಣ್ಣಕ್ಷರದಲ್ಲೇ ಬಿಡ್ರಿ, ಸಾಲಿನ ಮೊದಲ ಪದ ಆದ್ರೆ ಮಾತ್ರ ದೊಡ್ಡಕ್ಷರ.