ಸಿಮೋಯ್ ಆಂಪ್: ಚಿಪ್ ಬದಲಿಸುವ ಮೊದಲು ಗೇನ್ ಮತ್ತು ಗ್ರೌಂಡ್

ನನ್ನ ಹತ್ತಿರ ಇರುವುದು ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ, 250 ಓಮ್‌ನ ಮಾದರಿ. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಆದ್ದರಿಂದ ಪುಣೆಯಿಂದ ಧಾರವಾಡಕ್ಕೆ ಹೋಗುವ ರಾತ್ರಿ ಬಸ್ಸಿಗೂ ಅದನ್ನೇ ಒಯ್ಯುತ್ತೇನೆ. ಫೋನಿಗೆ ನೇರವಾಗಿ ಸಿಕ್ಕಿಸಿದರೆ ಮಾತ್ರ ದನಿ ಸಾಲುವುದಿಲ್ಲ. ಈ ಹೆಡ್‌ಫೋನಿಗೆ 1 ಮಿಲಿವಾಟ್ ಕೊಟ್ಟರೆ 96 ಡೆಸಿಬೆಲ್ ಬರುತ್ತದೆ. ನನ್ನ ಫೋನ್ ಕೊಡುವುದು ಹೆಚ್ಚೆಂದರೆ ಅರ್ಧ ವೋಲ್ಟ್. 250 ಓಮ್‌ಗೆ ಅರ್ಧ ವೋಲ್ಟ್ ಅಂದರೆ ಸರಿಯಾಗಿ 1 ಮಿಲಿವಾಟ್. 96 ಡೆಸಿಬೆಲ್ ಕಡಿಮೆಯೇನಲ್ಲ, ಆದರೆ ಅದು ಧ್ವನಿಮುದ್ರಣದ ಅತಿ ಜೋರಿನ ಕ್ಷಣಕ್ಕೆ ಸಿಗುವ ಲೆಕ್ಕ. ವಿಲಂಬಿತ ಖಯಾಲಿನ ಆಲಾಪ ಅದಕ್ಕಿಂತ 25–30 ಡೆಸಿಬೆಲ್ ಕೆಳಗೇ ನಡೆಯುತ್ತಿರುತ್ತದೆ. ಬಸ್ಸು ಖಂಬಾಟ್ಕಿ ಘಾಟ್ ಏರುವ ಹೊತ್ತಿಗೆ ಮಂದ್ರದ ಸ್ವರಗಳೆಲ್ಲ ಎಂಜಿನ್ ಸದ್ದಿನಲ್ಲಿ ಮುಳುಗಿಹೋಗುತ್ತವೆ.

ಇನ್ನೊಂದು 10 ಡೆಸಿಬೆಲ್ ಸಿಕ್ಕರೆ ಸಾಕು, ಅಂದರೆ ವೋಲ್ಟೇಜು ಮೂರು ಪಟ್ಟು ಆಗಬೇಕು. ಇದಕ್ಕೆ ದುಬಾರಿ ಸಾಧನ ಬೇಕಿಲ್ಲ. 1990ರ ದಶಕದ ಕೊನೆಗೆ ಚು ಮೋಯ್ ಎಂಬವರು ಪ್ರಕಟಿಸಿದ ಪುಟ್ಟ ಹೆಡ್‌ಫೋನ್ ಆಂಪ್ಲಿಫೈಯರ್ ಸರ್ಕ್ಯೂಟ್ ಇದೆ. ಅವರ ಹೆಸರಿನಿಂದಲೇ ಅದನ್ನು ಸಿಮೋಯ್ ಅನ್ನುತ್ತಾರೆ. ಎರಡು ಆಪ್-ಆಂಪ್ (ಸಿಗ್ನಲ್ ಹಿಗ್ಗಿಸುವ ಘಟಕ) ಒಳಗಿರುವ ಒಂದು ಚಿಪ್, ಒಂದು 9 ವೋಲ್ಟ್ ಬ್ಯಾಟರಿ, ಒಂದು ಹಿಡಿ ರೆಸಿಸ್ಟರ್ ಮತ್ತು ಕೆಪ್ಯಾಸಿಟರ್. ಇಷ್ಟೂ ಪೆಪ್ಪರ್‌ಮೆಂಟಿನ ತಗಡಿನ ಡಬ್ಬಿಯಲ್ಲಿ ಹಿಡಿಸುತ್ತದೆ.

ಸಾಮಾನು ತಂದದ್ದು ಬುಧವಾರ ಪೇಠೆಯ ತಾಪಕೀರ್ ಗಲ್ಲಿಯಿಂದ. ಪುಣೆಯಲ್ಲಿ ಎಲೆಕ್ಟ್ರಾನಿಕ್ಸ್ ಬಿಡಿಭಾಗ ಅಂದರೆ ಎಲ್ಲರೂ ತೋರಿಸುವುದು ಅದೇ ಗಲ್ಲಿ. ಅಲ್ಲಿ ಎರಡು ವಿಷಯಕ್ಕೆ ನಾನು ಹಟ ಹಿಡಿಯುತ್ತೇನೆ. ವಾಲ್ಯೂಮ್ ಪಾಟ್ (ದನಿ ಏರಿಳಿಸುವ ನಾಬಿನ ರೆಸಿಸ್ಟರ್) ಮೇಲೆ ‘ಎ10ಕೆ’ ಎಂದಿರಬೇಕು. ‘ಬಿ10ಕೆ’ ಅಂದರೆ ಲೀನಿಯರ್, ಅದನ್ನು ಹಾಕಿದರೆ ನಾಬ್ ಸ್ವಲ್ಪ ತಿರುಗಿಸುವಷ್ಟರಲ್ಲಿ ದನಿ ಧುಮ್ಮಿಕ್ಕುತ್ತದೆ. ಇನ್ನೊಂದು, ರೆಸಿಸ್ಟರ್‌ಗಳನ್ನು ಕೌಂಟರ್ ಮೇಲೇ ಮೀಟರಿನಲ್ಲಿ ಅಳೆದು ತೆಗೆದುಕೊಳ್ಳುವುದು. ಶೇಕಡಾ 1ರ ಮೆಟಲ್ ಫಿಲ್ಮ್ ರೆಸಿಸ್ಟರಿನಲ್ಲಿ 4.7 ಕಿಲೋಓಮ್‌ಗೆ ಹಳದಿ, ನೇರಳೆ, ಕಪ್ಪು, ಕಂದು ಪಟ್ಟಿಗಳು. 47 ಕಿಲೋಓಮ್‌ಗೆ ಹಳದಿ, ನೇರಳೆ, ಕಪ್ಪು, ಕೆಂಪು. ಆ ನೀಲಿ ಮೈಯ ಮೇಲೆ, ಟ್ಯೂಬ್‌ಲೈಟ್ ಬೆಳಕಿನಲ್ಲಿ, ಕಂದು ಯಾವುದು ಕೆಂಪು ಯಾವುದು ಎಂದು ಕಣ್ಣಿಗೆ ಗೊತ್ತಾಗುವುದೇ ಇಲ್ಲ.

ಈಗ ಗೇನ್ ವಿಷಯ, ಅಂದರೆ ಆಂಪ್ ಸಿಗ್ನಲ್ಲನ್ನು ಎಷ್ಟು ಪಟ್ಟು ಮಾಡುತ್ತದೆ ಎಂಬುದು. ಈ ಆಂಪಿನಲ್ಲಿ ಮಾಡಿಕೊಳ್ಳಬೇಕಾದ ಮೊದಲ ಬದಲಾವಣೆ ಇದೇ ಎಂದು ನನ್ನ ಖಚಿತ ಅಭಿಪ್ರಾಯ. ಮೂಲ ನಕ್ಷೆಯಲ್ಲಿ ಫೀಡ್‌ಬ್ಯಾಕ್ ರೆಸಿಸ್ಟರ್ 10 ಕಿಲೋಓಮ್, ಗ್ರೌಂಡಿಗೆ (ಸರ್ಕ್ಯೂಟಿನ ಸೊನ್ನೆ ವೋಲ್ಟಿನ ಬಿಂದುವಿಗೆ) ಹೋಗುವುದು 1 ಕಿಲೋಓಮ್, ಹಾಗಾಗಿ ಗೇನ್ 1 + 10/1, ಅಂದರೆ 11. ಫೋನಿನ ಅರ್ಧ ವೋಲ್ಟ್ ಹನ್ನೊಂದು ಪಟ್ಟಾದರೆ ಐದೂವರೆ ವೋಲ್ಟ್, ಅದರ ಅಲೆಯ ತುದಿ ಸುಮಾರು 7.8 ವೋಲ್ಟ್. ಒಂಬತ್ತು ವೋಲ್ಟಿನ ಬ್ಯಾಟರಿಯನ್ನು ಅರ್ಧ ಮಾಡಿದರೆ ಆಚೆ ಈಚೆ ಸಿಗುವುದೇ ನಾಲ್ಕೂವರೆ, ಅದರಲ್ಲಿ ಚಿಪ್ ತನ್ನ ಪಾಲನ್ನು ಉಳಿಸಿಕೊಂಡು ಮೂರರ ಆಸುಪಾಸು ಬಿಟ್ಟುಕೊಡುತ್ತದೆ. ಆದ್ದರಿಂದ ನಾಬ್ ಪೂರ್ತಿ ತಿರುಗುವ ಮೊದಲೇ ದನಿ ಒಡೆಯುತ್ತದೆ. ಅದಕ್ಕಿಂತ ಹೆಚ್ಚು ಕಾಡುವ ಸಂಗತಿ ಇನ್ನೊಂದಿದೆ: ಗೇನ್ ಜಾಸ್ತಿಯಾದಾಗ ನಾಬನ್ನು ಯಾವಾಗಲೂ ಶುರುವಿನ ತುದಿಯಲ್ಲೇ ಇಟ್ಟುಕೊಳ್ಳಬೇಕಾಗುತ್ತದೆ, ಅಗ್ಗದ ಪಾಟಿನ ಎಡ-ಬಲದ ಎರಡು ಟ್ರ್ಯಾಕ್‌ಗಳು ಹೊಂದದಿರುವುದೂ ಅಲ್ಲಿಯೇ. ಗಾಯಕರು ಎಡಗಿವಿಯ ಕಡೆ ಸರಿದು ಕೂತ ಹಾಗೆ ಕೇಳುತ್ತದೆ. ಎಷ್ಟೋ ಜನ ಇದನ್ನು ಹೆಡ್‌ಫೋನಿನ ದೋಷ ಅಂದುಕೊಳ್ಳುತ್ತಾರೆ.

ನಾನು 1 ಕಿಲೋಓಮ್ ತೆಗೆದು ಎರಡೂ ಚಾನಲ್‌ಗಳಲ್ಲಿ 4.7 ಕಿಲೋಓಮ್ ಹಾಕಿದೆ. ಗೇನ್ 3.1 ಆಯಿತು. ಅರ್ಧ ವೋಲ್ಟಿಗೆ 1.55 ವೋಲ್ಟ್, ತುದಿ 2.2. ಬ್ಯಾಟರಿ ಏಳೂವರೆ ವೋಲ್ಟಿಗೆ ಇಳಿಯುವವರೆಗೂ ದನಿ ಒಡೆಯುವುದಿಲ್ಲ. ನಾಬ್ ಈಗ ನಡುವಿನಿಂದ ಮುಕ್ಕಾಲಿನವರೆಗೆ ಓಡಾಡುತ್ತದೆ, ಗಾಯಕರು ನಡುವೆ ಬಂದು ಕೂತರು. ಹಿಂದೆ ಸುಂಯ್ ಎನ್ನುತ್ತಿದ್ದ ಸದ್ದೂ ತಗ್ಗಿತು.

ಚಿಪ್ಪಿಗೆ ಎಂಟು ಕಾಲಿನ ಸಾಕೆಟ್ ಹಾಕಿದ್ದೇನೆ, ಹಾಗಾಗಿ ಬದಲಿಸಿ ನೋಡುವುದು ಸುಲಭ. ಒಪಿಎ2134 ಮತ್ತು ಎಲ್‌ಎಂ4562 ಎರಡನ್ನೂ ಹಾಕಿ ಕೇಳಿದೆ. 400 ಹರ್ಟ್ಸ್‌ನ ಸ್ವರ ನುಡಿಸಿ, ಔಟ್‌ಪುಟ್ಟಿನ ಎಸಿ ವೋಲ್ಟೇಜನ್ನು ಎರಡರಲ್ಲೂ ಸಮ ಮಾಡಿಕೊಂಡು ಕೇಳಿದಾಗ ನನ್ನ ಕಿವಿಗೆ ವ್ಯತ್ಯಾಸ ಕಾಣಲಿಲ್ಲ. ಹೀಗೆ ಸಮ ಮಾಡಿಕೊಳ್ಳದೆ ಚಿಪ್‌ಗಳನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ, ಕೂದಲೆಳೆಯಷ್ಟು ಜೋರಾಗಿ ನುಡಿದದ್ದೇ ಚೆನ್ನಾಗಿದೆ ಅನ್ನಿಸುತ್ತದೆ. ಆದರೆ ಎಲ್‌ಎಂ4562 ವೇಗದ ಚಿಪ್. ಉದ್ದನೆಯ ಕೇಬಲ್ ಸಿಕ್ಕಿಸಿದ ಕೂಡಲೇ ಬ್ಯಾಟರಿಯ ಕರೆಂಟ್ ಎರಡು ಪಟ್ಟು ದಾಟಿತು, ಚಿಪ್ ಬೆರಳಿಗೆ ಬಿಸಿ ಹತ್ತಿತು. ಹೀಗೆ ಚಿಪ್ ತಾನಾಗಿಯೇ ಕಂಪಿಸುವ ಆಸಿಲೇಷನ್ ಹಿಡಿಯಲು ಆಸಿಲೋಸ್ಕೋಪೇ ಬೇಕೆಂದಿಲ್ಲ, ಬ್ಯಾಟರಿಯ ದಾರಿಯಲ್ಲಿ ಮಿಲಿಆಂಪ್ ಮೀಟರ್ ಇಟ್ಟರೂ ತಿಳಿಯುತ್ತದೆ. 4 ಮತ್ತು 8ನೇ ಕಾಲುಗಳ ನಡುವೆ, ಬೋರ್ಡಿನ ಅಡಿಯಲ್ಲೇ, 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪ್ಯಾಸಿಟರ್ ಬೆಸೆದು, ಔಟ್‌ಪುಟ್ಟಿಗೆ 47 ಓಮ್ ಸೇರಿಸಿದ ಮೇಲೆ ಶಾಂತವಾಯಿತು. ನನ್ನ ಡಬ್ಬಿಯಲ್ಲಿ ಈಗ ಇರುವುದು ಒಪಿಎ2134.

ಗ್ರೌಂಡ್ ಎಷ್ಟು ನಾಜೂಕು ಎಂಬುದು ಅಣ್ಣನ ಮಗನ ಆಂಪ್ ರಿಪೇರಿಗೆ ಬಂದಾಗ ಚೆನ್ನಾಗಿ ಕಂಡಿತು. ಅವನು ಇಲ್ಲೇ ಇಂಜಿನಿಯರಿಂಗ್ ಓದುತ್ತಾನೆ, ಇದೇ ನಕ್ಷೆ ನೋಡಿ ತಾನೂ ಒಂದು ಕಟ್ಟಿದ್ದ. ಹೆಡ್‌ಫೋನ್ 32 ಓಮ್, ಚಿಪ್ ಎನ್‌ಇ5532. “ಕಾಕಾ, ಹೆಡ್‌ಫೋನ್ ಹಾಕಿದ್ರ ಬರೇ ಗರ್ ಗರ್ ಅಂತದ, ತಗದು ಮೀಟರ್ ಇಟ್ರ ಎಲ್ಲಾ ಬರೋಬ್ಬರಿ ತೋರಸ್ತದ” ಅಂದ.

ಒಂಬತ್ತು ವೋಲ್ಟನ್ನು ಎರಡು ಮಾಡುವುದು 4.7 ಕಿಲೋಓಮ್‌ನ ಎರಡು ರೆಸಿಸ್ಟರ್‌ಗಳು. ಅವುಗಳ ನಡುವಿನ ಬಿಂದುವೇ ಈ ಆಂಪಿನ ಗ್ರೌಂಡ್. ಎನ್‌ಇ5532 ತನ್ನ ಇನ್‌ಪುಟ್ ಕಾಲಿಗೆ ಸುಮಾರು 200 ನ್ಯಾನೋಆಂಪ್ ಎಳೆದುಕೊಳ್ಳುತ್ತದೆ. ಆ ಕಾಲು 100 ಕಿಲೋಓಮ್ ಮೂಲಕ ಗ್ರೌಂಡಿಗೆ ಸೇರಿರುವುದರಿಂದ ಅಲ್ಲಿಯೇ 20 ಮಿಲಿವೋಲ್ಟ್ ಹುಟ್ಟುತ್ತದೆ, ಗೇನ್ 11 ಅಂದ ಮೇಲೆ ಔಟ್‌ಪುಟ್ಟಿನಲ್ಲಿ 220. 32 ಓಮ್‌ನ ಎರಡು ಕಿವಿಗಳಿಗೆ ಸೇರಿ 14 ಮಿಲಿಆಂಪ್ ಡಿಸಿ ಹರಿಯಲು ಹವಣಿಸುತ್ತದೆ. ಆ ಎರಡು ರೆಸಿಸ್ಟರ್‌ಗಳಲ್ಲಿ ಹರಿಯುವುದೋ ಬರೀ 1 ಮಿಲಿಆಂಪ್. ಗ್ರೌಂಡ್ ನಿಲ್ಲುವುದಾದರೂ ಹೇಗೆ? ಹೆಡ್‌ಫೋನ್ ಸಿಕ್ಕಿಸಿಟ್ಟೇ ಅಳೆಯಲು ಹೇಳಿದೆ. ನಾಲ್ಕೂವರೆ-ನಾಲ್ಕೂವರೆ ಇದ್ದದ್ದು ಜರುಗಿ ಮೇಲಿನ ಪಾಲು ಏಳರ ಮೇಲೆ, ಕೆಳಗಿನದು ಎರಡಕ್ಕಿಂತ ಕಡಿಮೆ ಆಗಿತ್ತು. ಅಷ್ಟಕ್ಕೂ ಎನ್‌ಇ5532ಗೆ ತಯಾರಕರು ಹೇಳುವ ಕನಿಷ್ಠ ಸಪ್ಲೈ ಪ್ಲಸ್-ಮೈನಸ್ 5 ವೋಲ್ಟ್, ಒಂದು ಬ್ಯಾಟರಿಯಲ್ಲಿ ಅದು ಸಿಗುವುದಿಲ್ಲ. ಒಪಿಎ2134ರ ಇನ್‌ಪುಟ್ ಫೆಟ್ ಜಾತಿಯದು, ಎಳೆಯುವುದು ಪಿಕೋಆಂಪ್ ಲೆಕ್ಕದಲ್ಲಿ. ಅದನ್ನು ಹಾಕಿ, ಗೇನ್ ಎರಡಕ್ಕೆ ಇಳಿಸಿದ ಕೂಡಲೇ ಡಿಸಿ ಒಂದೆರಡು ಮಿಲಿವೋಲ್ಟಿಗೆ ಬಂತು, ಗರ್ ನಿಂತಿತು. ಹೆಸರು ಉಜ್ಜಿ ಬೇರೆ ಹೆಸರು ಅಚ್ಚು ಹಾಕಿದ ನಕಲಿ ಚಿಪ್‌ಗಳೂ ಇದೇ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತವೆ: ಮೈಮೇಲೆ ಒಪಿಎ2134 ಎಂದಿದ್ದೂ ಹತ್ತಾರು ಮಿಲಿವೋಲ್ಟ್ ಡಿಸಿ ತೋರಿಸಿದರೆ ಒಳಗಿರುವುದು ಬೇರೇನೋ. 32 ಓಮ್‌ನ ಹೆಡ್‌ಫೋನನ್ನೇ ಸದಾ ಬಳಸುವವರು ರೆಸಿಸ್ಟರ್ ಜೋಡಿಯ ಬದಲು 20 ಮಿಲಿಆಂಪ್ ತಾಳುವ, ಸಪ್ಲೈಯನ್ನು ಎರಡು ಪಾಲು ಮಾಡುವ ಟಿಎಲ್‌ಇ2426 ಚಿಪ್ ಹಾಕುವುದು ಒಳ್ಳೆಯದು.

ಸ್ವಲ್ಪ ದಿನಕ್ಕೆ ಮತ್ತೆ ಬಂದ. “ಫೋನ್ ಚಾರ್ಜಿಂಗಿಗೆ ಹಾಕಿದ ಕೂಡ್ಲೆ ಹಾಡು ಬಂದಾಗ್ತದ ಕಾಕಾ, ವೈರ್ ತಗದ್ರ ಬರ್ತದ.” ಬ್ಯಾಟರಿ ಕೊಳ್ಳುವ ಖರ್ಚು ಬೇಡವೆಂದು ಪವರ್ ಬ್ಯಾಂಕಿನ 5 ವೋಲ್ಟನ್ನು ಬೂಸ್ಟ್ ಮಾಡ್ಯೂಲಿನಿಂದ 9ಕ್ಕೆ ಏರಿಸಿ ಆಂಪಿಗೆ ಕೊಟ್ಟಿದ್ದ. ಫೋನೂ ಅದೇ ಪವರ್ ಬ್ಯಾಂಕಿನಿಂದ ಚಾರ್ಜ್ ಆಗುತ್ತಿತ್ತು. ಇದು ನೋಡಿದ ತಕ್ಷಣ ಹೊಳೆಯುವ ದೋಷವಲ್ಲ. ಫೋನಿನ ಆಡಿಯೊ ಗ್ರೌಂಡ್ ಅಂದರೆ ಯುಎಸ್‌ಬಿಯ ಮೈನಸ್. ಬೂಸ್ಟ್ ಮಾಡ್ಯೂಲಿನ ಮೈನಸ್ ಕೂಡ ಅದೇ. ಆದರೆ ಆಂಪಿನ ಗ್ರೌಂಡ್ ತನ್ನ ಮೈನಸ್ಸಿಗಿಂತ ನಾಲ್ಕೂವರೆ ವೋಲ್ಟ್ ಮೇಲಿರಬೇಕು. ಚಾರ್ಜಿಂಗ್ ವೈರ್ ಮತ್ತು ಆಡಿಯೊ ವೈರ್ ಎರಡೂ ಸೇರಿದಾಗ ಆ ನಾಲ್ಕೂವರೆ ನೇರವಾಗಿ ಶಾರ್ಟ್ ಆಗುತ್ತದೆ. ಚಿಪ್ಪಿನ 4ನೇ ಕಾಲಿಗೂ ಗ್ರೌಂಡಿಗೂ ಮೀಟರ್ ಹಿಡಿದೆವು: ವೈರ್ ತೆಗೆದರೆ 4.5, ಹಾಕಿದರೆ ಸೊನ್ನೆ. ಇದಕ್ಕೆ ಐಸೊಲೇಟೆಡ್ ಮಾಡ್ಯೂಲೇ ಬೇಕು. ಬಿ0509ಎಸ್ ಎಂಬ 1 ವಾಟಿನ ಸಣ್ಣ ಮಾಡ್ಯೂಲ್ 5ರಿಂದ 9 ವೋಲ್ಟ್ ಕೊಡುತ್ತದೆ, ಒಳಗೆ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಎರಡೂ ಕಡೆಯ ಮೈನಸ್ ಬೇರೆ ಬೇರೆ. ಅದನ್ನು ಕೂರಿಸಿದ ಮೇಲೆ ಚಾರ್ಜ್ ಮಾಡುತ್ತಲೇ ಕೇಳುತ್ತಾನೆ. ತಗಡಿನ ಡಬ್ಬಿಯಲ್ಲಿ ಲೋಹದ ಡಿಸಿ ಸಾಕೆಟ್ ಹಾಕಿದರೂ ಇದೇ ಗತಿ: ಡಬ್ಬಿಯ ಮೈ ಒಂದು ಕಡೆ ಹೆಡ್‌ಫೋನ್ ಜ್ಯಾಕಿನ ಗ್ರೌಂಡಿಗೆ, ಇನ್ನೊಂದು ಕಡೆ ಸಾಕೆಟ್ಟಿನ ಮೈನಸ್ಸಿಗೆ ತಾಗುತ್ತದೆ. ಅದಕ್ಕೇ ಸಾಕೆಟ್ ಪ್ಲಾಸ್ಟಿಕ್‌ನದೇ ಇರಲಿ.

ಮನೆಯಲ್ಲಿ ಕೇಳುವಾಗ ನಾನು ಅಡಾಪ್ಟರ್ ಬಳಸುತ್ತೇನೆ. ಮೊದಲಿದ್ದ ಹಳೆಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರಿನಿಂದ ಬಂದ ತೊಂದರೆ ಬಹಳ ಸೂಕ್ಷ್ಮವಾದದ್ದು. ಕರಿ ನಾಲ್ಕರಲ್ಲಿ (ಹಾರ್ಮೋನಿಯಂನ ನಾಲ್ಕನೆಯ ಕಪ್ಪು ಮನೆಯ ಶ್ರುತಿಯಲ್ಲಿ) ಹಾಡುವವರ ತಂಬೂರಿಯ ಖರ್ಜದ (ಕೆಳಗಿನ ಷಡ್ಜದ) ತಂತಿ ಸುಮಾರು 104 ಹರ್ಟ್ಸ್. ನಮ್ಮ 50 ಹರ್ಟ್ಸ್ ಕರೆಂಟ್ ರೆಕ್ಟಿಫೈಯರ್ ದಾಟಿದ ಮೇಲೆ ಉಳಿಯುವ ಹಮ್ 100 ಹರ್ಟ್ಸ್. ಎರಡೂ ಬೆರೆತು ಸೆಕೆಂಡಿಗೆ ನಾಲ್ಕು ಬಾರಿ ಅಲುಗುತ್ತವೆ. ಹಮ್ ಬೇರೆಯಾಗಿ ಕೇಳುವುದೇ ಇಲ್ಲ, ತಂಬೂರಿಯೇ ಶ್ರುತಿ ತಪ್ಪಿದ ಹಾಗೆ ತೋರುತ್ತದೆ. ಭೀಮಸೇನ ಜೋಶಿಯವರು 1953ರಲ್ಲಿ ಶುರುಮಾಡಿದ ಸವಾಯಿ ಗಂಧರ್ವ ಮಹೋತ್ಸವವನ್ನು ಡಿಸೆಂಬರಿನಲ್ಲಿ ಕೇಳಿ ಬಂದ ಕಿವಿಗೆ ಇದು ತಡೆಯಲಾಗದ ಸಂಗತಿ. 12 ವೋಲ್ಟ್ ಅಡಾಪ್ಟರ್ ತಂದು, ಅದರ ಮುಂದೆ ವೋಲ್ಟೇಜನ್ನು 9ಕ್ಕೆ ಸ್ಥಿರವಾಗಿ ನಿಲ್ಲಿಸುವ 7809 ರೆಗ್ಯುಲೇಟರ್ ಕೂರಿಸಿದೆ. 7809ಕ್ಕೆ ಔಟ್‌ಪುಟ್ಟಿಗಿಂತ ಕನಿಷ್ಠ 2 ವೋಲ್ಟ್ ಹೆಚ್ಚು ಸಿಗಬೇಕು, ಹಾಗಾಗಿ 9 ವೋಲ್ಟಿನ ಅಡಾಪ್ಟರಿಗೆ ಅದನ್ನು ಹಾಕಿ ಪ್ರಯೋಜನವಿಲ್ಲ.

ಡಬ್ಬಿಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ. ಹೊಸ ಬ್ಯಾಟರಿಯ ವೋಲ್ಟೇಜು, ಎರಡು ಪಾಲು, ಎಡಬಲದ ಡಿಸಿ, ಹಾಡಿಲ್ಲದಾಗಿನ ಕರೆಂಟ್. ನನ್ನದರಲ್ಲಿ ಕರೆಂಟ್ 10 ಮಿಲಿಆಂಪ್ ಆಸುಪಾಸು: ಚಿಪ್ಪಿಗೆ 8, ರೆಸಿಸ್ಟರ್ ಜೋಡಿಗೆ 1, ಉಳಿದದ್ದು ಎಲ್‌ಇಡಿಗೆ. ಮಳೆಗಾಲದಲ್ಲಿ ಬ್ಯಾಟರಿ ಕ್ಲಿಪ್ಪು, ಜ್ಯಾಕು ಕಪ್ಪಾಗಿ ಕರಕರ ಶುರುವಾದಾಗ ಮೊದಲು ಆ ಚೀಟಿಯ ಜೊತೆ ತಾಳೆ ನೋಡುತ್ತೇನೆ, ಅಂಕಿಗಳು ಕೂಡಿಬಂದರೆ ಬೋರ್ಡಿಗೆ ಕೈ ಹಚ್ಚದೆ ಸ್ಪಿರಿಟ್ಟಿನಲ್ಲಿ ಕಾಂಟ್ಯಾಕ್ಟ್ ಒರೆಸುವುದಷ್ಟೇ. ಅಣ್ಣನ ಮಗನ ಡಬ್ಬಿಗೂ ಅಂಥದೇ ಚೀಟಿ ಬರೆಸಿದ್ದೇನೆ. ಅದರಲ್ಲಿ ಇನ್ನು ಬಾಕಿ ಇರುವುದು ಬಿ10ಕೆ ಪಾಟ್ ಕಿತ್ತು ಎ10ಕೆ ಹಾಕುವ ಕೆಲಸ.