ಕಬ್ಬಿನ ಸೋಗೆ ಕಣ್ಣಿಗೆ ಬಡಿದರೆ: ಮೊದಲ ತಾಸಿನಿಂದ ಕೊನೆಯ ಹನಿಯವರೆಗೆ

ಕಬ್ಬು ಕಡಿಯುವ ಹಂಗಾಮು ಶುರುವಾಯಿತೆಂದರೆ ಅಥಣಿ, ರಾಯಬಾಗ, ಚಿಕ್ಕೋಡಿಯಿಂದ ಹಿಡಿದು ಮುಧೋಳ, ಜಮಖಂಡಿಯವರೆಗೆ ಹೊಲಗಳಲ್ಲಿ ಬೆಳಗಿನ ಜಾವದಿಂದಲೇ ಗ್ಯಾಂಗುಗಳ ಕೆಲಸ ನಡೆದಿರುತ್ತದೆ. ಆಳೆತ್ತರ ಬೆಳೆದ ಬೆಳೆಯೊಳಗೆ ಬಗ್ಗಿ ಕಡಿಯುವವರ ಮುಖಕ್ಕೆ ಸೋಗೆ ಬಡಿಯುವುದು ದಿನಕ್ಕೆ ಹತ್ತು ಸಲ. ಸೋಗೆಯ ಅಂಚಿನಲ್ಲಿ ಗರಗಸದಂಥ ಸಣ್ಣ ಹಲ್ಲುಗಳಿವೆ. ಬೆರಳಿಗೆ ತಾಗಿದರೆ ಗೀರು ಬೀಳುವ ಆ ಅಂಚು ಕಣ್ಣಿಗೆ ತಾಗಿದರೆ ಏನಾಗುತ್ತದೆ, ಆಗ ಏನು ಮಾಡಬೇಕು, ಏನು ಮಾಡಲೇಬಾರದು ಎಂಬುದನ್ನು ಕ್ರಮವಾಗಿ ಹೇಳುವುದು ಈ ಲೇಖನದ ಉದ್ದೇಶ. ವಿಜಯಪುರದ ಕಡೆ ಬಿಳಿಜೋಳದ ರಾಶಿ ಮಾಡುವಾಗ ಕಣ್ಣಿಗೆ ಹೊಟ್ಟು ಹಾರಿದರೂ ಇದೇ ಕ್ರಮ ಅನ್ವಯಿಸುತ್ತದೆ.

ಮೊದಲು ಗಾಯದ ಸ್ವರೂಪ ತಿಳಿದಿರಲಿ. ಕಣ್ಣಿನ ಕರಿಗುಡ್ಡೆಯ ಮುಂದೆ ಗಾಜಿನಂತೆ ಇರುವ ಪಾರದರ್ಶಕ ಪಟಲವೇ ಕಾರ್ನಿಯಾ. ನಡುವಿನಲ್ಲಿ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ, ಮತ್ತು ಅದರಲ್ಲಿ ರಕ್ತನಾಳಗಳಿಲ್ಲ. ಅದರ ಮೇಲ್ಪೊರೆ ಗಟ್ಟಿಯಾಗಿ ಇರುವವರೆಗೆ ಗಾಳಿಯಲ್ಲಿ, ಮಣ್ಣಿನಲ್ಲಿ, ಎಲೆಯ ಮೇಲೆ ಇರುವ ಶಿಲೀಂಧ್ರದ ಬೀಜಾಣುಗಳು ಕಣ್ಣಿಗೆ ಬಿದ್ದರೂ ಕಣ್ಣೀರಿನೊಂದಿಗೆ ತೊಳೆದು ಹೋಗುತ್ತವೆ. ಗೀರು ಬಿದ್ದಾಗ ಆ ಬಾಗಿಲು ತೆರೆಯುತ್ತದೆ. ಸಣ್ಣ ಗೀರಾದರೆ ಒಂದೆರಡು ದಿನಗಳಲ್ಲಿ ಮೇಲ್ಪೊರೆ ತಾನೇ ಕೂಡಿಕೊಳ್ಳುತ್ತದೆ. ಅಷ್ಟರೊಳಗೆ ಸೋಂಕು ಒಳಹೊಕ್ಕರೆ ಅಲ್ಲಿ ಹುಣ್ಣಾಗುತ್ತದೆ, ಹುಣ್ಣು ಮಾಗಿದ ಜಾಗ ಬೆಳ್ಳಗಾಗುತ್ತದೆ. ನಮ್ಮ ಹಿರಿಯರು "ಕಣ್ಣಿಗೆ ಹೂ ಬಿದ್ದೈತಿ" ಎನ್ನುವುದು ಹೆಚ್ಚಾಗಿ ಇದನ್ನೇ. ಇದು ವಯಸ್ಸಾದವರಿಗೆ ಬರುವ ಪೊರೆಯಲ್ಲ. ಪೊರೆಯನ್ನು ತೆಗೆದು ಕೃತಕ ಮಸೂರ ಕೂಡಿಸಬಹುದು, ಹೂವನ್ನು ಹಾಗೆ ಸುಲಭವಾಗಿ ತೆಗೆಯಲು ಬರುವುದಿಲ್ಲ.

ಈ ರೋಗ ಮೊದಲಿನಿಂದಲೂ ರೈತರ ಬೆನ್ನು ಹತ್ತಿದೆ. 1879ರಲ್ಲಿ ಜರ್ಮನಿಯ ನೇತ್ರವೈದ್ಯ ಥಿಯೋಡೋರ್ ಲೇಬರ್ ಶಿಲೀಂಧ್ರದಿಂದಾದ ಕಾರ್ನಿಯಾ ಹುಣ್ಣನ್ನು ಮೊದಲ ಬಾರಿಗೆ ವಿವರಿಸಿದಾಗ ಅವರ ಮುಂದಿದ್ದ ರೋಗಿ ಒಬ್ಬ ರೈತ. ಧಾನ್ಯ ಒಕ್ಕುವಾಗ ಅವನ ಕಣ್ಣಿಗೆ ಓಟ್ಸ್ ಹೊಟ್ಟು ಹಾರಿತ್ತು.

ಮೊದಲ ಹೆಜ್ಜೆ: ಹೊಲದಲ್ಲಿಯೇ

ಕಣ್ಣನ್ನು ಉಜ್ಜಬೇಡಿ. ಕೈ ತೊಳೆದುಕೊಂಡು, ಕುಡಿಯಲು ತಂದ ಶುದ್ಧ ನೀರಿನಿಂದ ಕಣ್ಣು ಪಿಳುಕಿಸುತ್ತ ತೊಳೆಯಿರಿ. ಕಾಲುವೆಯ ನೀರು, ಹೊಂಡದ ನೀರು ಬೇಡ. ಸೆರಗಿನ ಚುಂಗಿನಿಂದ, ಟವೆಲಿನ ತುದಿಯಿಂದ ಅಥವಾ ನಾಲಿಗೆಯಿಂದ ಕಸ ತೆಗೆಯುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಪ್ರೀತಿಯಿಂದ ಮಾಡುವ ಈ ಉಪಚಾರವೇ ಬಾಯಿಯ, ಬಟ್ಟೆಯ ರೋಗಾಣುಗಳನ್ನು ಗೀರಿನೊಳಗೆ ಇಳಿಸಬಲ್ಲದು. ಮುಳ್ಳು ಅಥವಾ ಸಿಬಿರು ಗುಡ್ಡೆಗೆ ನೆಟ್ಟಿದ್ದರೆ ಅದನ್ನು ಕೀಳಲು ಹೋಗದೆ, ತೊಳೆಯದೆ, ಒತ್ತದೆ, ಕಣ್ಣಿನ ಮೇಲೆ ಗುಡ್ಡೆಗೆ ತಾಗದಂತೆ ಕಾಗದದ ಲೋಟವನ್ನು ಬೋರಲು ಮುಚ್ಚಿ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಬೇಕು. ಸುಣ್ಣ ಅಥವಾ ಕೀಟನಾಶಕ ಸಿಡಿದಿದ್ದರೆ ಮಾತ್ರ ಲೆಕ್ಕ ಬೇರೆ: ಆಗ ಒಂದು ಕ್ಷಣವೂ ತಡಮಾಡದೆ ಕನಿಷ್ಠ ಅರ್ಧ ತಾಸು ಧಾರಾಳವಾಗಿ ನೀರು ಹಾಕಿ ತೊಳೆದು ಆಮೇಲೆ ಹೊರಡಬೇಕು.

ಎರಡನೆಯ ಹೆಜ್ಜೆ: ಅದೇ ದಿನ ತೋರಿಸುವುದು

ಸಂಜೆಗೆ ನೋವು ಕಡಿಮೆಯಾಯಿತೆಂದು ಮರುದಿನಕ್ಕೆ ದೂಡಬೇಡಿ. ವೈದ್ಯರು ಕಿತ್ತಳೆ ಬಣ್ಣದ ಸಣ್ಣ ಕಾಗದದ ಪಟ್ಟಿಯನ್ನು ರೆಪ್ಪೆಯ ಒಳಭಾಗಕ್ಕೆ ಮುಟ್ಟಿಸಿ ನೀಲಿ ಬೆಳಕು ಬಿಡುತ್ತಾರೆ. ಗೀರು ಇದ್ದ ಜಾಗ ಹಸಿರಾಗಿ ಹೊಳೆಯುತ್ತದೆ. ಬರಿಗಣ್ಣಿಗೆ ಕಾಣದ ಗೀರು ಹೀಗೆ ಅರ್ಧ ನಿಮಿಷದಲ್ಲಿ ಸಿಕ್ಕಿಬೀಳುತ್ತದೆ.

ತಡಮಾಡಬಾರದು ಎನ್ನುವುದಕ್ಕೆ ಆಧಾರವಿದೆ. ನೇಪಾಳದ ಭಕ್ತಪುರದಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರು ಗೀರು ಬಿದ್ದ ಕಣ್ಣಿಗೆ ಶೇ 1ರ ಕ್ಲೋರಾಂಫೆನಿಕಾಲ್ ಎಂಬ ಆಂಟಿಬಯೋಟಿಕ್ ಮುಲಾಮು ಹಚ್ಚುವ ಅಧ್ಯಯನ ನಡೆಯಿತು. ಅದರ ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ಗಾಯವಾಗಿ 18 ತಾಸಿನೊಳಗೆ ಚಿಕಿತ್ಸೆ ಆರಂಭಿಸಿದ 284 ಜನರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. 18ರಿಂದ 24 ತಾಸಿನೊಳಗೆ ಬಂದ 109 ಜನರಲ್ಲಿ 4 ಜನರಿಗೆ ಸೋಂಕಾಯಿತು. 24 ತಾಸು ದಾಟಿ, 48 ತಾಸಿನೊಳಗೆ ಬಂದವರು 49 ಜನ, ಅವರಲ್ಲಿ 14 ಜನರಿಗೆ ಹುಣ್ಣಾಯಿತು. ನೇಪಾಳದ ಚಿತ್ವನದಲ್ಲಿ ಮುಂದೆ ಇದಕ್ಕಿಂತ ದೊಡ್ಡದಾಗಿ, ಹಳ್ಳಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಪ್ರಯೋಗದಲ್ಲಿ, ಕಾರ್ಯಕರ್ತರಿಂದ ಮುಲಾಮು ಕೊಡಿಸಿದ ಹಳ್ಳಿಗಳಲ್ಲಿ ಹುಣ್ಣಿನ ಪ್ರಮಾಣ ಕಡಿಮೆಯಾದದ್ದು ಕಂಡುಬರಲಿಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು. ಆದ್ದರಿಂದ ಊರಲ್ಲಿ ಮುಲಾಮಿನ ಟ್ಯೂಬ್ ಇದ್ದರೆ ಸಾಕು ಎಂದು ನಂಬಿ ಕೂರುವಂತಿಲ್ಲ. ಗಾಯವನ್ನು ಬೇಗ ನೋಡಿಸಬೇಕು, ಎರಡು ದಿನ ಬಿಟ್ಟು ಮತ್ತೊಮ್ಮೆ ನೋಡಿಸಬೇಕು ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಮೂರನೆಯ ಹೆಜ್ಜೆ: ಅಂಗಡಿಯ ಹನಿಯನ್ನು ನಿರಾಕರಿಸುವುದು

ಈ ಹೆಜ್ಜೆಯಲ್ಲಿಯೇ ಹೆಚ್ಚು ಕಣ್ಣುಗಳು ಹಾಳಾಗುವುದನ್ನು ನಾನು ಕಂಡಿದ್ದೇನೆ. ನನ್ನ ಸೋದರಮಾವನಿಗೆ ರವದಿ (ಕಬ್ಬಿನ ಒಣಗರಿ) ಎಳೆಯುವಾಗ ಎಡಗಣ್ಣಿಗೆ ಸೋಗೆ ಬಡಿದಿತ್ತು. ಔಷಧ ಅಂಗಡಿಯವರು "ಏನಾಗೂದಿಲ್ಲ ಬಿಡ್ರಿ ಕಾಕಾ, ಈ ಹನಿ ಹಾಕ್ರಿ, ಎರಡ ದಿನದಾಗ ಕೆಂಪು ಹೊಕ್ಕೈತಿ" ಎಂದು ಒಂದು ಬಾಟಲಿ ಕೊಟ್ಟರು. ಅವರು ಹೇಳಿದಂತೆಯೇ ಕೆಂಪು ಹೋಯಿತು, ನೋವೂ ತಗ್ಗಿತು. ಹತ್ತನೆಯ ದಿನ ಕರಿಗುಡ್ಡೆಯ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆ ಮೂಡಿತ್ತು. ಬಾಟಲಿಯ ಚೀಟಿಯನ್ನು ಆಮೇಲೆ ಓದಿದರೆ ಅದರಲ್ಲಿ ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಇತ್ತು. ಇಂದು ಆ ಕಣ್ಣಿನಿಂದ ಮಾವನಿಗೆ ಮುಖದ ಮುಂದೆ ಹಿಡಿದ ಬೆರಳುಗಳನ್ನು ಎಣಿಸಲು ಮಾತ್ರ ಬರುತ್ತದೆ.

ಸ್ಟಿರಾಯ್ಡ್ ಉರಿಯನ್ನು ಅಡಗಿಸುತ್ತದೆ, ಜೊತೆಗೆ ಶಿಲೀಂಧ್ರವನ್ನು ತಡೆಯುವ ದೇಹದ ಶಕ್ತಿಯನ್ನೂ ಅಡಗಿಸುತ್ತದೆ. ಮೇಲೆ ಕಣ್ಣಿನ ಕೆಂಪು ಹೋದಂತೆ ಕಂಡರೂ ಒಳಗೆ ಶಿಲೀಂಧ್ರ ಬೇರಿನಂತೆ ಇಳಿಯುತ್ತಿರುತ್ತದೆ. ಬ್ಯಾಕ್ಟೀರಿಯಾದಿಂದಾದ ಹುಣ್ಣಿಗಾದರೂ ಸ್ಟಿರಾಯ್ಡ್ ನೆರವಾದೀತೇ ಎಂದು 500 ರೋಗಿಗಳ ಮೇಲೆ ನಡೆಸಿದ, 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಜ್ಞರ ಕಣ್ಗಾವಲಿನಲ್ಲಿ ಆಂಟಿಬಯೋಟಿಕ್ ಜೊತೆಗೆ ಕೊಟ್ಟಾಗಲೂ ಮೂರು ತಿಂಗಳ ಕೊನೆಗೆ ಒಟ್ಟಾರೆ ದೃಷ್ಟಿಯಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ. ಹಾಗಿರುವಾಗ ಯಾವ ಹುಣ್ಣೆಂದು ತಿಳಿಯದೆ ಅದನ್ನು ಹಾಕುವುದು ಕಣ್ಣನ್ನು ಪಣಕ್ಕೆ ಒಡ್ಡಿದಂತೆ. ಬಾಟಲಿಯ ಮೇಲೆ ಡೆಕ್ಸಾಮೆಥಸೋನ್, ಬೀಟಾಮೆಥಸೋನ್ ಅಥವಾ ಪ್ರೆಡ್ನಿಸೊಲೋನ್ ಎಂಬ ಹೆಸರಿದ್ದರೆ, ಕಣ್ಣಿನ ವೈದ್ಯರು ಬರೆದುಕೊಡದ ಹೊರತು ಅದನ್ನು ವಾಪಸು ಕೊಡಿ. ಎದೆಹಾಲು, ಹರಳೆಣ್ಣೆ, ನಂದಿಬಟ್ಟಲು ಹೂವಿನ ರಸ ಯಾವುದೂ ಗೀರು ಬಿದ್ದ ಕಣ್ಣಿಗೆ ಬೇಡ.

ನಾಲ್ಕನೆಯ ಹೆಜ್ಜೆ: ಹುಣ್ಣನ್ನು ಗುರುತಿಸಿ, ಕೆರೆದು ಪರೀಕ್ಷಿಸುವುದು

ಗಾಯವಾದ ಕೆಲ ದಿನಗಳ ಮೇಲೆ ಕಣ್ಣು ಮತ್ತೆ ಕೆಂಪಾಗಿ ನೀರು ಸೋರಿದರೆ, ಬಿಸಿಲು ನೋಡಲು ಆಗದಿದ್ದರೆ, ಮಂಜು ಕವಿದಂತಾದರೆ ಅಥವಾ ಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಹುಣ್ಣೆಂದೇ ಭಾವಿಸಿ ಹೊರಡಿ. ಶಿಲೀಂಧ್ರದ ಹುಣ್ಣು ಬ್ಯಾಕ್ಟೀರಿಯಾದ ಹುಣ್ಣಿನಷ್ಟು ಅವಸರ ಮಾಡುವುದಿಲ್ಲ, ಅದೇ ಅದರ ಮೋಸ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ನಗರಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ನೇತ್ರ ವಿಭಾಗಗಳಿವೆ. ಹೋಗುವಾಗ ಅಲ್ಲಿಯವರೆಗೆ ಹಾಕಿದ ಎಲ್ಲ ಹನಿಗಳ ಬಾಟಲಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಅಂಗಡಿಯಿಂದ ತಂದದ್ದನ್ನು ನಾಚಿಕೆಪಟ್ಟು ಮುಚ್ಚಿಡಬೇಡಿ.

ಅಲ್ಲಿ ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ಹುಣ್ಣಿನ ಅಂಚನ್ನು ಸಣ್ಣ ಬ್ಲೇಡಿನಿಂದ ಹಗುರವಾಗಿ ಕೆರೆದು ಗಾಜಿನ ಪಟ್ಟಿಗೆ ಸವರುತ್ತಾರೆ. ಅದರ ಮೇಲೆ ಪೊಟ್ಯಾಷಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕವಲೊಡೆದ ಎಳೆಗಳಂತೆ ಶಿಲೀಂಧ್ರ ಕಾಣುತ್ತದೆ. ಇದಕ್ಕೆ ಬೇಕಾಗುವುದು ಕೆಲವೇ ನಿಮಿಷ. "ಕಣ್ಣು ಕೆರೀತಾರ" ಎಂಬ ಮಾತಿಗೇ ಹೆದರಿ ಎದ್ದು ಬರುವವರಿದ್ದಾರೆ. ಆದರೆ ಕಣ್ಣು ಮರಗಟ್ಟಿರುವುದರಿಂದ ಮುಟ್ಟಿದಂತೆ ಅನಿಸುತ್ತದೆಯೇ ಹೊರತು ಕೊಯ್ದಂತೆ ಅನಿಸುವುದಿಲ್ಲ. ತಮಿಳುನಾಡಿನ ಮದುರೆಯಲ್ಲಿ 1994ರ ಮೊದಲ ಮೂರು ತಿಂಗಳಲ್ಲಿ ಬಂದ 434 ಹುಣ್ಣಿನ ರೋಗಿಗಳನ್ನು ಪರೀಕ್ಷಿಸಿದಾಗ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರ ಹೆಚ್ಚುಕಡಿಮೆ ಸಮವಾಗಿ ಕಂಡುಬಂದವು. ಊಹೆಯ ಮೇಲೆ ಔಷಧ ಕೊಟ್ಟರೆ ಎರಡರಲ್ಲಿ ಒಂದು ಸಲ ತಪ್ಪಬಹುದು ಎಂಬುದು ಇದರ ಅರ್ಥ.

ಐದನೆಯ ಹೆಜ್ಜೆ: ಹನಿ ಹಾಕುವ ಶಿಸ್ತು

ಶಿಲೀಂಧ್ರವೆಂದು ಖಚಿತವಾದರೆ ಸಾಮಾನ್ಯವಾಗಿ ಕೊಡುವುದು ಶೇ 5ರ ನಾಟಾಮೈಸಿನ್. ದಕ್ಷಿಣ ಆಫ್ರಿಕಾದ ನಟಾಲ್ ಪ್ರಾಂತ್ಯದ ಮಣ್ಣಿನಲ್ಲಿ 1950ರ ದಶಕದಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ ಬಂದ ಔಷಧ ಇದು. ವೊರಿಕೊನಜೋಲ್ ಎಂಬ ಹೊಸ ಔಷಧ ಬಂದಾಗ ಅದೇ ಮೇಲು ಎಂದು ಹಲವರು ಭಾವಿಸಿದ್ದರು. ತಮಿಳುನಾಡು ಮತ್ತು ಪುದುಚೇರಿಯ ಅರವಿಂದ ಕಣ್ಣಿನ ಆಸ್ಪತ್ರೆಗಳಲ್ಲಿ 323 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2013ರಲ್ಲಿ ಬಂದಾಗ ಹಳೆಯ ನಾಟಾಮೈಸಿನ್ ಗೆದ್ದಿತ್ತು. ಫ್ಯುಸೇರಿಯಂ ಎಂಬ ಶಿಲೀಂಧ್ರದ ಹುಣ್ಣುಗಳಲ್ಲಂತೂ ಅದನ್ನು ಪಡೆದವರು ದೃಷ್ಟಿಫಲಕದಲ್ಲಿ ಸರಾಸರಿ ಸುಮಾರು ನಾಲ್ಕು ಸಾಲು ಹೆಚ್ಚು ಓದಿದರು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನಮ್ಮಂಥ ರೈತರ, ಕೂಲಿಕಾರರ ಕಣ್ಣುಗಳಿಂದಲೇ ಈ ಉತ್ತರ ಸಿಕ್ಕಿತು ಎಂಬುದನ್ನು ನಾನು ಹೆಮ್ಮೆಯಿಂದ ನೆನೆಯುತ್ತೇನೆ.

ಇದು ನೀರಿನಂತೆ ತಿಳಿಯಾದ ಹನಿಯಲ್ಲ. ಬಾಟಲಿಯನ್ನು ಸ್ವಲ್ಪ ಹೊತ್ತು ಇಟ್ಟರೆ ಬಿಳಿಯ ಪುಡಿ ತಳಕ್ಕೆ ಕೂರುತ್ತದೆ. ಅಲುಗಾಡಿಸದೆ ಹಾಕಿದರೆ ಕಣ್ಣಿಗೆ ಬೀಳುವುದು ಬರೀ ಮೇಲಿನ ನೀರು. ಆದ್ದರಿಂದ ಪ್ರತಿ ಸಲವೂ ಚೆನ್ನಾಗಿ ಅಲುಗಾಡಿಸಿ, ಕೈ ತೊಳೆದು, ತಲೆಯನ್ನು ಹಿಂದಕ್ಕೆ ವಾಲಿಸಿ, ಕೆಳರೆಪ್ಪೆಯನ್ನು ಬೆರಳಿನಿಂದ ಜಗ್ಗಿ, ಅಲ್ಲಿ ಆಗುವ ಸಣ್ಣ ತೊಟ್ಟಿಲಿನಂಥ ಜಾಗಕ್ಕೆ ಒಂದೇ ಹನಿ ಬಿಡಬೇಕು. ಬಾಟಲಿಯ ಮೂತಿ ರೆಪ್ಪೆಗೂ ಬೆರಳಿಗೂ ತಾಗಕೂಡದು. ಎರಡು ಬಗೆಯ ಹನಿಗಳಿದ್ದರೆ ನಡುವೆ ಐದು ನಿಮಿಷ ಬಿಡಿ. ಮೊದಲ ದಿನಗಳಲ್ಲಿ ತಾಸಿಗೊಮ್ಮೆ ಹಾಕಲು ಹೇಳುತ್ತಾರೆ, ಮತ್ತು ಅನೇಕರು ಸೋಲುವುದು ಇಲ್ಲಿಯೇ. ಗೋಡೆಯ ಕ್ಯಾಲೆಂಡರಿನ ಪಕ್ಕದಲ್ಲಿ ಒಂದು ಹಾಳೆ ಅಂಟಿಸಿ, ಹಾಕಿದ ಪ್ರತಿ ಹನಿಗೂ ಒಂದು ಗೆರೆ ಎಳೆಯಿರಿ. ಈ ಕೆಲಸಕ್ಕೆ ಮನೆಯ ಶಾಲೆಗೆ ಹೋಗುವ ಮಕ್ಕಳಷ್ಟು ಕಟ್ಟುನಿಟ್ಟಾದವರು ಯಾರೂ ಸಿಗುವುದಿಲ್ಲ. ಔಷಧ ವಾರಗಟ್ಟಲೆ ನಡೆಯುತ್ತದೆ. ನೋವು ನಿಂತಿತೆಂದು ನೀವಾಗಿಯೇ ಹನಿ ನಿಲ್ಲಿಸಿದರೆ ಆಳದಲ್ಲಿ ಉಳಿದ ಶಿಲೀಂಧ್ರ ಮತ್ತೆ ಏಳಬಹುದು.

ಔಷಧಕ್ಕೆ ಬಗ್ಗದೆ ಹುಣ್ಣು ತೂತಾದರೆ, ಅಥವಾ ಮಾಗಿದ ಮೇಲೆ ದಟ್ಟವಾದ ಹೂ ಉಳಿದರೆ, ದಾನಿಯ ಕಾರ್ನಿಯಾ ಕಸಿ ಮಾಡುವ ದಾರಿಯಿದೆ. 1905ರಲ್ಲಿ ಎಡುವರ್ಡ್ ಜಿರ್ಮ್ ಮೊದಲ ಬಾರಿಗೆ ಯಶಸ್ವಿಯಾಗಿ ಇದನ್ನು ಮಾಡಿದ್ದು ಸುಣ್ಣ ಸಿಡಿದು ಕಣ್ಣು ಕಳೆದುಕೊಂಡ ಒಬ್ಬ ಕೂಲಿಕಾರನಿಗೆ. ಆದರೆ ದಾನಿಯ ಕಣ್ಣು ಸಿಗಬೇಕು, ಅದನ್ನು ಸಾವಿನ ನಂತರ ಆರು ತಾಸಿನೊಳಗೆ ತೆಗೆಯಬೇಕು, ಮತ್ತು ಸೋಂಕಿರುವಾಗ ಮಾಡಿದ ಕಸಿ ನಿಲ್ಲುವ ಭರವಸೆ ಕಡಿಮೆ.

ಇನ್ನು ಹಂಗಾಮಿಗೆ ಮುಂಚಿನ ಸಿದ್ಧತೆ. ಪಾರದರ್ಶಕ ಪ್ಲಾಸ್ಟಿಕ್ಕಿನ ರಕ್ಷಣಾ ಕನ್ನಡಕ ಕೊಳ್ಳುವಾಗ ಬದಿಗಳೂ ಮುಚ್ಚಿರುವುದನ್ನು ಆರಿಸಿ. ಬೆವರಿನ ಆವಿ ಕಟ್ಟಿದರೆ ಜನ ಅದನ್ನು ತೆಗೆದು ಹಣೆಗೇರಿಸುತ್ತಾರೆ, ಆದ್ದರಿಂದ ಬದಿಯಲ್ಲಿ ಗಾಳಿಯಾಡುವ ಸಣ್ಣ ರಂಧ್ರಗಳಿರಲಿ. ಹಿಂದಿನಿಂದ ಒಂದು ದಾರ ಕಟ್ಟಿದರೆ ಬಗ್ಗಿದಾಗ ಜಾರುವುದಿಲ್ಲ. ಗ್ಯಾಂಗಿನ ಮುಖ್ಯಸ್ಥರು ಕುಡಿಯುವ ನೀರಿನ ಕೊಡದ ಜೊತೆ, ಕಣ್ಣು ತೊಳೆಯಲೆಂದೇ ಮುಚ್ಚಳವಿರುವ ಒಂದು ಬಾಟಲಿ ಶುದ್ಧ ನೀರನ್ನು ಪ್ರತ್ಯೇಕವಾಗಿ ಟ್ರ್ಯಾಕ್ಟರಿನಲ್ಲಿ ಇಟ್ಟುಕೊಳ್ಳಬೇಕು.