ಪೈಥಾನ್: ಸ್ವಂತ ಮಾಡ್ಯೂಲ್‌ಗಳ ಹೆಸರು ಡಿಕ್ಕಿಯಾಗದಂತೆ ನೋಡಿಕೊಳ್ಳುವುದು ಹೇಗೆ?

ಅಭ್ಯಾಸಕ್ಕೆಂದು ಬರೆದ ಫೈಲನ್ನು ‘ರ‍್ಯಾಂಡಮ್.ಪೈ’ ಎಂದು ಉಳಿಸಿ, ಅದರೊಳಗೆ ರ‍್ಯಾಂಡಮ್ ಮಾಡ್ಯೂಲನ್ನು (ಬೇರೆಡೆಯೂ ಬಳಸಬಹುದಾದ ಕೋಡ್ ಇರುವ ಫೈಲು) ಇಂಪೋರ್ಟ್ ಮಾಡಿದರೆ, ಪೈಥಾನ್ ಎತ್ತಿಕೊಳ್ಳುವುದು ತನ್ನ ಜೊತೆಗೇ ಬರುವ ಸ್ಟ್ಯಾಂಡರ್ಡ್ ಲೈಬ್ರರಿಯದ್ದನ್ನಲ್ಲ, ನಿಮ್ಮ ಫೈಲನ್ನೇ. ‘ರ‍್ಯಾಂಡಿಂಟ್’ ಫಂಕ್ಷನ್ ಇಲ್ಲವೆಂಬ ದೋಷಸಂದೇಶ ಬರುವುದು ಈ ಕಾರಣಕ್ಕೆ. ಪೈಥಾನ್ 3.13ರಿಂದ ಈಚೆಗೆ ಆ ಸಂದೇಶವೇ ಫೈಲಿನ ಹೆಸರು ಬದಲಿಸಿ ನೋಡುವಂತೆ ಸೂಚಿಸುತ್ತದೆ. ಹಳೆಯ ಆವೃತ್ತಿಗಳಲ್ಲಿ ಕಾರಣವನ್ನು ನಾವೇ ಹುಡುಕಬೇಕು.

ಮೊದಲು ಹುಡುಕಾಟದ ಕ್ರಮವನ್ನು ತಿಳಿಯಿರಿ. ಪೈಥಾನ್ ಈಗಾಗಲೇ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನೂ, ಬಳಿಕ ಇಂಟರ್‌ಪ್ರಿಟರ್‌ನೊಳಗೇ ಅಡಕವಾಗಿರುವವನ್ನೂ ನೋಡಿ, ಆನಂತರ ‘ಸಿಸ್.ಪಾತ್’ ಪಟ್ಟಿಯ ಫೋಲ್ಡರ್‌ಗಳನ್ನು ಒಂದೊಂದಾಗಿ ತೆರೆಯುತ್ತದೆ. ಫೈಲನ್ನು ನೇರವಾಗಿ ಚಲಾಯಿಸಿದಾಗ ಆ ಪಟ್ಟಿಯ ತಲೆಯಲ್ಲಿರುವುದು ಅದೇ ಫೈಲಿನ ಫೋಲ್ಡರ್. ಸ್ಟ್ಯಾಂಡರ್ಡ್ ಲೈಬ್ರರಿಯೂ, ಹೊರಗಿನ ಕೋಡನ್ನು ಸ್ಥಾಪಿಸುವ ಸಾಧನವಾದ ಪಿಪ್‌ನಿಂದ ಹಾಕಿಕೊಂಡ (ಮಾಡ್ಯೂಲ್‌ಗಳ ಗುಂಪಿರುವ ಫೋಲ್ಡರ್‌ಗಳಾದ) ಪ್ಯಾಕೇಜ್‌ಗಳೂ ಅದರ ನಂತರವೇ. ಮೊದಲು ಸಿಕ್ಕಿದ್ದನ್ನು ಹಿಡಿದು ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ.

ಇದರ ಅತ್ಯಂತ ಕಷ್ಟಕರ ರೂಪವೆಂದರೆ, ನೀವು ಇಂಪೋರ್ಟ್ ಮಾಡದ ಹೆಸರೂ ತೊಂದರೆ ಕೊಡುವುದು. ನಿಮ್ಮ ಫೋಲ್ಡರ್‌ನಲ್ಲಿ ‘ಈಮೇಲ್.ಪೈ’ ಇದ್ದು, ಪ್ರೋಗ್ರಾಮ್ ‘ಯುಆರ್‌ಎಲ್‌ಲಿಬ್.ರಿಕ್ವೆಸ್ಟ್’ ಅನ್ನು ಮಾತ್ರ ಬಳಸುತ್ತಿದ್ದರೂ, ಆ ಲೈಬ್ರರಿ ಒಳಗೊಳಗೆ ಈಮೇಲ್ ಮಾಡ್ಯೂಲನ್ನು ಕೇಳುವುದರಿಂದ ಅದಕ್ಕೆ ನಿಮ್ಮ ಫೈಲು ಸಿಕ್ಕಿ, ‘ಈಮೇಲ್ ಪ್ಯಾಕೇಜ್ ಅಲ್ಲ’ ಎಂಬ ದೋಷ ಬರುತ್ತದೆ.

ಆದ್ದರಿಂದ ಅನುಮಾನ ಬಂದಾಗ ಎರಡನೆಯ ಹೆಜ್ಜೆಯಾಗಿ, ಸಂಶಯವಿರುವ ಮಾಡ್ಯೂಲಿನ ‘ಫೈಲ್’ ಗುಣವನ್ನು (ಹೆಸರಿನ ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಇರುವಂಥದ್ದು) ಪ್ರಿಂಟ್ ಮಾಡಿ. ಅದು ನಿಮ್ಮ ಫೋಲ್ಡರ್‌ನ ದಾರಿ ತೋರಿಸಿದರೆ ಫೈಲಿನ ಹೆಸರು ಬದಲಿಸಿ. ಇಂಪೋರ್ಟ್ ಸಾಲಿನಲ್ಲಿ ‘ಆ್ಯಸ್’ ಬಳಸಿ ಬೇರೆ ಹೆಸರು ಕೊಡುವುದು ಇಲ್ಲಿ ಪರಿಹಾರವಲ್ಲ, ಏಕೆಂದರೆ ಹುಡುಕುವಾಗ ಬಳಕೆಯಾಗುವುದು ಮೂಲ ಹೆಸರೇ. ಹೊಸ ಫೈಲಿಗೆ ಹೆಸರಿಡುವ ಮುನ್ನ ‘ಸಿಸ್.ಎಸ್‌ಟಿಡಿಲಿಬ್_ಮಾಡ್ಯೂಲ್_ನೇಮ್ಸ್’ ಪಟ್ಟಿಯನ್ನು ನೋಡಿದರೆ ಒಳ್ಳೆಯದು, ಅದು 3.10ರಿಂದ ಲಭ್ಯವಿದೆ.

ಕೋಡ್ ಬೆಳೆದಂತೆ ಒಳ್ಳೆಯ ಹೆಸರುಗಳನ್ನೆಲ್ಲ ಬಿಟ್ಟುಕೊಡಬೇಕಾಗಿಲ್ಲ, ಪ್ಯಾಕೇಜ್ ಮಾಡಿಕೊಳ್ಳುವುದೇ ಗಟ್ಟಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ. ಬೇರೆಲ್ಲೂ ಇರದ ಹೆಸರಿನ ಫೋಲ್ಡರ್, ಉದಾಹರಣೆಗೆ ‘ಲೆಕ್ಕಪತ್ರ’, ಮಾಡಿ ಅದರಲ್ಲಿ ‘ಇನಿಟ್’ ಫೈಲನ್ನಿಡಿ (ಇದರ ಹೆಸರಿಗೂ ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಇರಬೇಕು). ಆಗ ಒಳಗಿನ ಈಮೇಲ್ ಫೈಲಿನ ಪೂರ್ಣ ಹೆಸರು ‘ಲೆಕ್ಕಪತ್ರ.ಈಮೇಲ್’ ಆಗುವುದರಿಂದ ಡಿಕ್ಕಿಯೇ ಇಲ್ಲ. ಆದರೆ ಒಂದು ಎಚ್ಚರ ಅಗತ್ಯ: ಪ್ಯಾಕೇಜಿನ ಒಳಗಿನ ಫೈಲನ್ನು ನೇರವಾಗಿ ಚಲಾಯಿಸಿದರೆ ಒಳಗಿನ ಫೋಲ್ಡರೇ ಪಟ್ಟಿಯ ತಲೆಗೆ ಬಂದು ಹಳೆಯ ತೊಂದರೆ ಮರಳುತ್ತದೆ, ಚುಕ್ಕಿಯಿಂದ ಆರಂಭವಾಗುವ ಇಂಪೋರ್ಟ್‌ಗಳೂ ಕೆಲಸ ಮಾಡುವುದಿಲ್ಲ. ಹೊರಗಿನ ಫೋಲ್ಡರ್‌ನಲ್ಲಿ ನಿಂತು ‘ಪೈಥಾನ್ -ಎಂ ಲೆಕ್ಕಪತ್ರ.ವರದಿ’ ಎಂಬ ರೀತಿಯ ಆದೇಶ ಕೊಡಿ.

ಇನ್ನೂ ಬಿಗಿಯಾದ ವ್ಯವಸ್ಥೆ ಬೇಕಾದವರಿಗೆ 3.11ರಲ್ಲಿ ಸೇರಿದ ‘-ಪಿ’ ಆಯ್ಕೆ ಇದೆ. ಅದರಲ್ಲಿ ಪಿ ದೊಡ್ಡಕ್ಷರವಾಗಿರಬೇಕು. ಅದು ಚಲಾಯಿಸುವ ಫೈಲಿನ ಫೋಲ್ಡರನ್ನು ಪಟ್ಟಿಗೆ ಸೇರಿಸುವುದೇ ಇಲ್ಲವಾದ್ದರಿಂದ, ನಿಮ್ಮ ಪ್ಯಾಕೇಜನ್ನು ಮೊದಲು ‘ಪಿಪ್ ಇನ್‌ಸ್ಟಾಲ್ -ಇ’ ಮೂಲಕ ಸ್ಥಾಪಿಸಿಕೊಂಡಿರಬೇಕು.